ಒಬ್ಬಳೇ ಬೇಟೆಗೆ ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ಭಾನುವಾರ ನಾವಿಬ್ಬರೂ ಫೋನಿನಲ್ಲಿ ಇಂಗ್ಲಿಷಿನಲ್ಲಿ ಜಗಳವಾಡಿದೆವು. ಇಂಗ್ಲಿಷಿನಲ್ಲಿ ಶುರುವಾದ ಜಗಳ ನಮ್ಮ ಮನೆಯಲ್ಲಿ ಬೇಗ ಮುಗಿಯುವುದಿಲ್ಲ ಎಂದು ನಿನ್ನ ಅಮ್ಮ ಹೇಳುತ್ತಿರುತ್ತಾಳೆ. ಅದಕ್ಕಾಗಿಯೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ನಿಧಾನವಾಗಿ ಓದು. ನೀನು ಮಾತು ಮುಗಿಸುವ ಮೊದಲೇ ನಾನು ಫೋನ್ ಇಟ್ಟದ್ದು ಸರಿಯಲ್ಲ. ನೀನು ಆಡಿದ ಮಾತೂ ಅಷ್ಟೇನೂ ಸರಿಯಿರಲಿಲ್ಲ ಎಂಬುದನ್ನೂ ಅದರ ಜೊತೆಗೇ ಹೇಳಿಬಿಡುತ್ತೇನೆ.

ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರ ಕೋವಿ ಬೇಟೆಯ ಒಂಬತ್ತು ದಿನಗಳು ಆರಂಭವಾಗುವಾಗ ನೀನು ವಿಸ್ಕಾನ್ಸಿನ್ ರಾಜ್ಯದ ರಿಚ್ಲೆಂಡ್ ಕೌಂಟಿಯ ನಮ್ಮ ಕಾಡಿಗೆ ಬರುವುದಿಲ್ಲ, ಉತ್ತರದ ಶ್ವಾಮೆಗನ್–ನಿಕೊಲೆಟ್ ರಾಷ್ಟ್ರೀಯ ಅರಣ್ಯದಲ್ಲಿ ಒಬ್ಬಳೇ ಕೂರುತ್ತೀಯ ಎಂಬುದನ್ನು ನಾನು ಒಪ್ಪಿಕೊಳ್ಳಲೇಬೇಕು. ಅದಕ್ಕೆ ನೀನು ಕೊಟ್ಟ ಕಾರಣ ಮಾತ್ರ ನನಗೆ ಇನ್ನೂ ಚುಚ್ಚುತ್ತಿದೆ. ನಮ್ಮ ಕಾಡಿನಲ್ಲಿ ಪ್ರಾಣಿ ಸುಳಿದೊಡನೆ ತಾನಾಗಿ ಚಿತ್ರ ತೆಗೆಯುವ ಟ್ರೇಲ್ ಕ್ಯಾಮೆರಾ ಗಂಡು ಜಿಂಕೆಯ ಚಿತ್ರವನ್ನು ತೆಗೆದ ಕ್ಷಣದಲ್ಲೇ ನನ್ನ ಫೋನಿಗೆ ಕಳಿಸುತ್ತದೆ, ನಾನು ಅದನ್ನು ನೋಡಿಕೊಂಡು ಹೋಗಿ ಕೂರುತ್ತೇನೆ, ಇದು ಬೇಟೆಯಲ್ಲ, ಮನೆ ಬಾಗಿಲಿಗೆ ಪಿಜ್ಜಾ ತರಿಸಿಕೊಂಡ ಹಾಗೆ ಎಂದೆ. ಆ ರಾತ್ರಿ ನಿನ್ನ ಮಾತು ತಪ್ಪೆಂದು ಸಾಧಿಸುವುದಕ್ಕಾಗಿಯೇ ಹುಡುಕುತ್ತ ಕುಳಿತೆ; ಸಿಕ್ಕಿದ್ದೆಲ್ಲ ನಿನ್ನ ಪರವಾಗಿಯೇ ಇತ್ತು. ಅರಿಝೋನಾ ರಾಜ್ಯವು 2022ರ ಜನವರಿಯಿಂದ ಬೇಟೆಗೆ ಟ್ರೇಲ್ ಕ್ಯಾಮೆರಾ ಬಳಸುವುದನ್ನೇ ನಿಷೇಧಿಸಿದೆ. ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ ಬೂನ್ ಆ್ಯಂಡ್ ಕ್ರಾಕೆಟ್ ಎಂಬ ಬೇಟೆಗಾರರ ಕ್ಲಬ್ಬು, ಚಿತ್ರವನ್ನು ಆ ಹೊತ್ತಿಗೇ ತರಿಸಿಕೊಂಡು ಹೊಡೆದ ಜಿಂಕೆಯ ಕೊಂಬನ್ನು ತನ್ನ ದಾಖಲೆಗೆ ಸೇರಿಸಿಕೊಳ್ಳುವುದಿಲ್ಲ. ನಮ್ಮ ವಿಸ್ಕಾನ್ಸಿನ್‌ನಲ್ಲಿ ಅದಕ್ಕೆ ಅಡ್ಡಿಯಿಲ್ಲ ಎಂಬುದೊಂದೇ ನನಗೆ ಉಳಿದ ವಾದ, ಮತ್ತು ಅದು ದೊಡ್ಡ ವಾದವೇನಲ್ಲ.

ಆದರೂ ಒಂದು ಸಂಗತಿಯನ್ನು ಹೇಳದೆ ಬಿಡಲಾರೆ. ರಾತ್ರಿಯ ಕಾಡಿನಲ್ಲಿ ಪ್ರಾಣಿಗಳ ಚಿತ್ರ ತೆಗೆಯುವ ವಿದ್ಯೆಯನ್ನು ಬೆಳೆಸಿದವನು ಬೇಟೆಗಾರನೇ. ಜಾರ್ಜ್ ಶೈರಸ್ ಎಂಬ ಪೆನ್ಸಿಲ್ವೇನಿಯಾದ ವಕೀಲ, ಮಿಷಿಗನ್‌ನ ಸುಪೀರಿಯರ್ ಸರೋವರದ ಕಡೆಯ ಕಾಡಿನಲ್ಲಿ, ಜಿಂಕೆಯ ಕಾಲಿಗೆ ತಂತಿ ತಗುಲಿದೊಡನೆ ಫ್ಲ್ಯಾಶ್ ಹೊತ್ತಿ ಅದರ ಚಿತ್ರ ತಾನಾಗಿ ಮೂಡುವಂತೆ ಮಾಡಿದ್ದ. ಅವನ ಚಿತ್ರಗಳು 1906ರ ಜುಲೈ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಬಂದವು. ಕ್ಯಾಮೆರಾ ಕೈಗೆ ಬಂದ ಮೇಲೆ ಅವನು ಕೋವಿಯನ್ನು ದೂರವಿಟ್ಟ. ನಾನು ಇಡಲಿಲ್ಲ, ನೀನೂ ಇಡಲಿಲ್ಲ. ಈ ವಿಷಯದಲ್ಲಿ ನಾವಿಬ್ಬರೂ ಒಂದೇ.

ನಿನ್ನ ಬಗ್ಗೆ ನನಗೆ ಹೆಮ್ಮೆಯಿದೆ ಎಂಬುದನ್ನು ಭಾನುವಾರ ಹೇಳಲಿಲ್ಲ. ಫೋನಿಗೆ ಚಿತ್ರ ಕಳಿಸದ, ಕಾರ್ಡ್ ಹಾಕುವ ಹಳೆಯ ಕ್ಯಾಮೆರಾ ಒಂದನ್ನೇ ಇಟ್ಟುಕೊಂಡು, ಗಂಡು ಜಿಂಕೆ ಕೊಂಬು ಉಜ್ಜಿ ತೊಗಟೆ ಸುಲಿದ ಮರಗಳನ್ನೂ ಗೊರಸಿನಿಂದ ಕೆರೆದ ನೆಲವನ್ನೂ ನಕ್ಷೆಯಲ್ಲಿ ಗುರುತಿಸಿ, ಅದು ಎಲ್ಲಿ ಮಲಗುತ್ತದೆ, ಗಾಳಿ ಯಾವ ದಿಕ್ಕಿನಿಂದ ಬೀಸಿದಾಗ ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ನೀನೇ ಲೆಕ್ಕ ಹಾಕಿದ್ದೀಯ. ಬಿಸಿಲು ಬಿದ್ದು ಚಿತ್ರ ಕೆಡದಿರಲೆಂದು ಕ್ಯಾಮೆರಾದ ಮುಖವನ್ನು ಉತ್ತರಕ್ಕೆ ತಿರುಗಿಸಬೇಕೆಂಬುದನ್ನು ನಾನು ಎಷ್ಟೋ ಚಿತ್ರ ಕೆಡಿಸಿಕೊಂಡ ಮೇಲೆ ಕಲಿತೆ, ನೀನು ಮೊದಲ ವಾರದಲ್ಲೇ ಕಲಿತೆ. ನಿನ್ನ ಅಜ್ಜ ಬದುಕಿದ್ದರೆ ನಿನ್ನನ್ನು ಮೆಚ್ಚುತ್ತಿದ್ದರು. ಅವರ ಕಾಲದ ಮಲೆನಾಡಿನಲ್ಲಿ ಹೆಜ್ಜೆ, ಹಿಕ್ಕೆ, ಮೇದ ಚಿಗುರು ನೋಡಿಕೊಂಡೇ ಪ್ರಾಣಿಗಾಗಿ ಮರೆಯಲ್ಲಿ ಮರಸು ಕೂರುತ್ತಿದ್ದರು; 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅವರು ಕೋವಿಯನ್ನು ಶಿಕಾರಿಗೆ ಮುಟ್ಟಲಿಲ್ಲ.

ಇನ್ನು ನಾನು ಹೇಳಬೇಕಾದದ್ದು ಬೇರೆ. ನೀನು ಹೈಸ್ಕೂಲಿನಲ್ಲಿದ್ದಾಗ, ಅಕ್ಟೋಬರ್ ಕೊನೆಯ ಒಂದು ಸಂಜೆ, ಆಫೀಸಿನಲ್ಲಿ ಕುಳಿತಿದ್ದ ನನ್ನ ಫೋನಿಗೆ ಹಳ್ಳದ ಕಡೆಯ ಕ್ಯಾಮೆರಾದಿಂದ ಒಂದು ಚಿತ್ರ ಬಂತು. ಕತ್ತಲಾಗುತ್ತಿದ್ದುದರಿಂದ ಅದು ಇನ್ಫ್ರಾರೆಡ್ ಬೆಳಕಿನಲ್ಲಿ ತೆಗೆದ ಕಪ್ಪುಬಿಳುಪಿನ ಚಿತ್ರವಾಗಿತ್ತು. ಬೂದು ಬಣ್ಣದ ಒಂದು ಮೈ ಅರ್ಧ ಬಾಗಿ ನಿಂತಿತ್ತು, ಅದರ ತಲೆಯ ಮೇಲೆ ಕವಲೊಡೆದ ಕೊಂಬು ಕಾಣುತ್ತಿತ್ತು. ಒಳ್ಳೆಯ ಗಂಡು ಬಂದಿದೆ ಎಂದು ನಾನು ಚಿತ್ರವನ್ನು ಹಿಗ್ಗಿಸಿ ಕವಲುಗಳನ್ನು ಎಣಿಸಿದೆ. ಎಣಿಸುತ್ತ ಹೋದಾಗ ಕೊಂಬಿನ ಕೆಳಗೆ ಜಡೆ ಕಾಣಿಸಿತು. ಬ್ಯಾಟರಿ ಬದಲಾಯಿಸಲು ಹೋಗಿದ್ದ ನೀನು ಕಂದು ಬಣ್ಣದ ಸ್ವೆಟರ್ ಹಾಕಿಕೊಂಡು ಬಾಗಿದ್ದೆ. ಕೊಂಬೆಂದು ಕಂಡದ್ದು ನಿನ್ನ ಹಿಂದೆ ಬಿದ್ದಿದ್ದ ಓಕ್ ಮರದ ಒಣ ರೆಂಬೆ.

ಅದನ್ನು ನಾನು ನಿನಗೂ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ. ಅಂದು ಯಾರಿಗೂ ಏನೂ ಆಗಲಿಲ್ಲ, ಆದ್ದರಿಂದ ಹೇಳುವುದಕ್ಕೆ ಏನೂ ಇರಲಿಲ್ಲ. ನನ್ನ ಕೈಯಲ್ಲಿದ್ದದ್ದು ಫೋನು ಮಾತ್ರ. ಆದರೆ ಎಣಿಸಿದವನು ನಿನ್ನ ಅಪ್ಪ, ನಿನ್ನ ನಡಿಗೆಯನ್ನು ಕತ್ತಲಲ್ಲೂ ಗುರುತಿಸಬಲ್ಲವನು, ಬೇಟೆಗೆ ಹೊಸಬನಲ್ಲ, ಅವಸರವೂ ಇರಲಿಲ್ಲ. ಕೊಂಬನ್ನು ನೋಡಬೇಕೆಂಬ ಆಸೆ ಇದ್ದುದರಿಂದ ಕಣ್ಣು ಕೊಂಬನ್ನೇ ನೋಡಿತು. ಇದೇ ಆಸೆಯನ್ನು ಇಟ್ಟುಕೊಂಡು, ಚಳಿಯಲ್ಲಿ ಗಂಟೆಗಟ್ಟಲೆ ಕುಳಿತು, ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನ ಆ ಮಬ್ಬಿನಲ್ಲಿ ಕೋವಿ ಹಿಡಿದವನ ಕಣ್ಣು ಏನು ನೋಡೀತು? ಆರಂಭದ ಶನಿವಾರ ಈ ರಾಜ್ಯದ ಕಾಡುಗಳಲ್ಲಿ ಲಕ್ಷಾಂತರ ಜನ ಕೋವಿ ಹಿಡಿದಿರುತ್ತಾರೆ. ನಮ್ಮ ಕಾಡಿನಲ್ಲಾದರೆ ಯಾವ ಮರದಲ್ಲಿ ಯಾರು ಕೂತಿದ್ದಾರೆಂಬುದು ನನಗೆ ಗೊತ್ತಿರುತ್ತದೆ. ಅಲ್ಲಿ 15 ಲಕ್ಷ ಎಕರೆ, ಯಾರು ಬೇಕಾದರೂ ಬರಬಹುದು. ಆ ಚಿತ್ರ ಈಗಲೂ ನನ್ನ ಫೋನಿನಲ್ಲಿದೆ. ಅಳಿಸಬೇಕೆಂದು ತೆರೆದಾಗಲೆಲ್ಲ ಮತ್ತೆ ಮೊದಲು ಕೊಂಬೇ ಕಾಣುತ್ತದೆ, ಜಡೆ ಆಮೇಲೆ.

ಉಪದೇಶ ಮಾಡುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟು ಬರೆಯಲು ಕುಳಿತವನು ನಾನು. ಆದರೂ ಹೇಳುತ್ತೇನೆ. ಸೊಂಟದಿಂದ ಮೇಲಿನ ಬಟ್ಟೆಯಲ್ಲಿ ಅರ್ಧ ಭಾಗವಾದರೂ ಉಜ್ವಲ ಕಿತ್ತಳೆ ಅಥವಾ ಗುಲಾಬಿ ಬಣ್ಣ ಇರಬೇಕೆಂಬುದು ಕಾನೂನು. ನೀನು ಅರ್ಧಕ್ಕೆ ನಿಲ್ಲಿಸಬೇಡ, ಟೋಪಿಯೂ ಕಿತ್ತಳೆಯೇ ಇರಲಿ. ಜಿಂಕೆ ಕಂಡುಬಿಡುತ್ತದೆ ಎಂಬ ಚಿಂತೆ ಬೇಡ, ಅದರ ಕಣ್ಣಿಗೆ ಆ ಬಣ್ಣ ನಮಗೆ ಕಂಡಂತೆ ಎದ್ದು ಕಾಣುವುದಿಲ್ಲ. ಕ್ಯಾಮೆರಾದ ಕಾರ್ಡ್ ತರಲು ಹೋಗುವಾಗಲೂ, ಕೋವಿ ಒಯ್ಯದಿದ್ದರೂ, ಅದನ್ನು ಹಾಕಿಕೋ. ಹೊಡೆದ ಜಿಂಕೆಯನ್ನು ಎಳೆದು ತರುವಾಗ ಅದಕ್ಕೂ ಒಂದು ಕಿತ್ತಳೆ ಬಟ್ಟೆ ಕಟ್ಟು, ಏಕೆಂದರೆ ಪೊದೆಯಲ್ಲಿ ಕಂದು ಮೈ ಸರಿದಾಡಿದ್ದನ್ನು ಕಂಡು ಕೋವಿ ಎತ್ತುವವರಿದ್ದಾರೆ. ಗುರಿಯ ಹಿಂದೆ ಏನಿದೆ ಎಂದು ತಿಳಿಯದೆ ಗುಂಡು ಬಿಡಬೇಡ. ನಿನ್ನ ರೈಫಲ್ಲಿನ ಗುಂಡು ಗುರಿ ತಪ್ಪಿದರೆ ಎರಡು ಮೈಲಿ ದಾಟಿ ಹೋಗಬಲ್ಲದು. ದುರ್ಬೀನು ಇರುವುದು ನೋಡುವುದಕ್ಕೆ, ಕೋವಿಯ ಸ್ಕೋಪು ನೋಡುವುದಕ್ಕಲ್ಲ. ಅಜ್ಜನ ಕಡೆಯ ಊರುಗಳಲ್ಲಿ ಪ್ರಾಣಿ ಎಬ್ಬಿಸಲು ಹಳು ನುಗ್ಗಿದವನಿಗೇ ಈಡು ತಗುಲಿದ ಕಥೆಗಳಿವೆ, ಹೊಡೆದವರೆಲ್ಲರೂ ಕಾಡುಹಂದಿಯನ್ನು ನಿಚ್ಚಳವಾಗಿ ಕಂಡೆವೆಂದೇ ಹೇಳಿದವರು. ಮರದ ಅಟ್ಟಣೆ ಹತ್ತುವಾಗ ನೆಲ ಬಿಟ್ಟ ಕ್ಷಣದಿಂದಲೇ ಬೀಳದಂತೆ ಹಿಡಿಯುವ ಹಾರ್ನೆಸ್ ಕಟ್ಟಿಕೊಂಡಿರಬೇಕು, ಕೋವಿಯನ್ನು ಖಾಲಿ ಮಾಡಿ ಹಗ್ಗದಿಂದ ಆಮೇಲೆ ಮೇಲೆಳೆದುಕೊಳ್ಳಬೇಕು. ಇವೆಲ್ಲ ನಿನಗೆ ತರಬೇತಿಯಲ್ಲಿ ಹೇಳಿಕೊಟ್ಟದ್ದೇ, ಪರೀಕ್ಷೆಯಲ್ಲಿ ನನಗಿಂತ ಹೆಚ್ಚು ಅಂಕ ಬಂದದ್ದೂ ನಿನಗೇ.

ಜಿಂಕೆ ಸಿಕ್ಕರೆ ತಲೆಯನ್ನು ತಪ್ಪದೆ ಪರೀಕ್ಷೆಗೆ ಕೊಡು. ಜಿಂಕೆಯನ್ನು ಕ್ಷಯಿಸಿ ಸಾಯಿಸುವ ಆ ಸಿ.ಡಬ್ಲ್ಯು.ಡಿ. ರೋಗ ಈ ರಾಜ್ಯದಲ್ಲಿ 2002ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ದಕ್ಷಿಣದ ಭಾಗದಲ್ಲೇ, ಉತ್ತರದಲ್ಲಿ ಕಡಿಮೆ ಎಂದು ಉದಾಸೀನ ಮಾಡಬೇಡ. ಕ್ಯಾಮೆರಾದ ಚಿತ್ರದಲ್ಲಿ ಗಟ್ಟಿಮುಟ್ಟಾಗಿ ಕಂಡ ಗಂಡಿಗೂ ರೋಗ ಇರಬಹುದು. ಫಲಿತಾಂಶ ಬರುವವರೆಗೆ ಮಾಂಸವನ್ನು ಫ್ರೀಜರಿನಲ್ಲೇ ಇಡು.

ಬಂದುಬಿಡು ಎಂದು ಮತ್ತೆ ಕೇಳುವುದಿಲ್ಲ. ನೀನು ತೋರಿಸಿದ ನಕ್ಷೆಯನ್ನು ಸಿಟ್ಟಿನಲ್ಲೇ ನೋಡಿದೆನಾದರೂ, ಜೌಗಿನ ಅಂಚಿನ ಆ ಜಾಗವನ್ನು ನಾನಾದರೂ ಆರಿಸುತ್ತಿದ್ದೆ. ಗಾಳಿ ವಾಯವ್ಯದಿಂದ ಬೀಸಿದರೆ ಮಾತ್ರ ಅಲ್ಲಿ ಕೂರು, ದಿಕ್ಕು ಬದಲಾದರೆ ಹಟ ಹಿಡಿಯದೆ ಇಳಿದುಬಿಡು. ಚಳಿಗೆ ಬೇಗ ಸೋಲದಿರಲೆಂದು ಕ್ಯಾಮೆರಾಕ್ಕೆ ಲಿಥಿಯಂ ಬ್ಯಾಟರಿಗಳನ್ನೂ, ಹೊಸ ವೆಸ್ಟ್ ಒಂದನ್ನೂ ಕಳಿಸಿದ್ದೇನೆ. ವೆಸ್ಟ್ ಸ್ವಲ್ಪ ದೊಡ್ಡದಾದೀತು, ಒಳಗೆ ದಪ್ಪ ಜಾಕೆಟ್ ಹಾಕಬೇಕಲ್ಲ. ನೀನು ಕೂರುವ ಮರ ಎಲ್ಲಿದೆ, ಎಷ್ಟು ಹೊತ್ತಿಗೆ ಇಳಿಯುತ್ತೀಯ ಎಂಬುದನ್ನು ಶುಕ್ರವಾರ ರಾತ್ರಿಯೊಳಗೆ ತಿಳಿಸು. ನನ್ನ ಮೇಲೆ ಇನ್ನೂ ಸಿಟ್ಟಿದ್ದರೆ ಅಮ್ಮನಿಗೆ ತಿಳಿಸಿದರೂ ಸಾಕು.

ಇಂತಿ,
ನಿನ್ನ ಅಪ್ಪ