ಬರ ಅನ್ನಬೇಡ, ಕ್ಷಾಮ ಅನ್ನು

ಪ್ರೀತಿಯ ತಂಗಿ,

ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಮೊದಲ ತಿದ್ದುಪಡಿ ಶೀರ್ಷಿಕೆಗೇ. 'ಐರ್ಲೆಂಡಿನ ಬರ' ಅಂದಕೂಡಲೇ ನಮ್ಮವರ ಕಣ್ಣಿಗೆ ಬಿರುಕುಬಿಟ್ಟ ಕೆರೆಯಂಗಳ ಬರುತ್ತದೆ. 1845ರಲ್ಲಿ ಅಲ್ಲಿದ್ದದ್ದು ಮೋಡ, ತೇವ, ಜಿಟಿಜಿಟಿ ಮಳೆ. 'ಕ್ಷಾಮ' ಅನ್ನು.

ಬೆಳೆ ಕೊಂದದ್ದು ಹಾಸನದ ಆಲೂಗಡ್ಡೆ ರೈತರು ಇವತ್ತಿಗೂ ಹೆದರುವ ಅಂಗಮಾರಿ ರೋಗವೇ. ಅದನ್ನು ಹತ್ತಿರದಿಂದ ತೋರಿಸು. ಎಲೆಯ ಮೇಲೆ ನೀರಲ್ಲಿ ನೆನೆದಂಥ ಕಪ್ಪು ಮಚ್ಚೆ, ಅಡಿಯಲ್ಲಿ ಬಿಳಿ ಬೂಷ್ಟು. ಮಳೆ ಅದನ್ನು ಮಣ್ಣಿಗೆ ತೊಳೆದು ಗಡ್ಡೆಗೆ ಮುಟ್ಟಿಸುತ್ತದೆ. ಅಗೆದಾಗ ಗಟ್ಟಿಯಿದ್ದ ಗಡ್ಡೆ ಗುಂಡಿಯಲ್ಲಿ ಕೂಡಿಟ್ಟ ಮೇಲೆ ಕೊಳೆತು ನಾರುತ್ತದೆ. ಬಡವರು ನೆಡುತ್ತಿದ್ದದ್ದು ಹೆಚ್ಚಾಗಿ 'ಲಂಪರ್' ಎಂಬ ಒಂದೇ ತಳಿ, ಅದೂ ಗಡ್ಡೆಯ ತುಂಡಿನಿಂದ. ಹಾಗಾಗಿ ಗಿಡಗಳೆಲ್ಲ ಒಂದೇ ಗಿಡದ ಪಡಿಯಚ್ಚು. ಒಂದು ಗಿಡಕ್ಕೆ ತಡೆಯುವ ಶಕ್ತಿ ಇಲ್ಲವೆಂದರೆ ಊರಿನ ಯಾವ ಗಿಡಕ್ಕೂ ಇಲ್ಲ. ದುಡಿಯುವ ಗಂಡಸು ದಿನಕ್ಕೆ ಐದಾರು ಕೆ.ಜಿ. ಗಡ್ಡೆ ತಿನ್ನುತ್ತಿದ್ದ ಅನ್ನುವುದನ್ನು ಮೊದಲ ಪುಟದಲ್ಲೇ ಹೇಳಿಬಿಡು.

ನೀನು ಎಲ್ಲ ವರ್ಷಗಳನ್ನೂ ಒಂದೇ ರಾಶಿಗೆ ಹಾಕಿದ್ದೀಯ. 1845ರಲ್ಲಿ ಹೋದದ್ದು ಬೆಳೆಯ ಒಂದು ಪಾಲು. 1846ರಲ್ಲಿ ಹೆಚ್ಚುಕಡಿಮೆ ಪೂರ್ತಿ. 1847ರಲ್ಲಿ ರೋಗ ತಗ್ಗಿತ್ತು, ಆದರೆ ಬಿತ್ತನೆ ಗಡ್ಡೆಯನ್ನೂ ತಿಂದು ಮುಗಿಸಿದ್ದರಿಂದ ನೆಟ್ಟದ್ದೇ ಕಡಿಮೆ. ಅತ್ಯಂತ ಕರಾಳ ವರ್ಷದಲ್ಲಿ ಹೊಲದ ಗಿಡ ಹಸಿರಾಗಿತ್ತು! ಕಥೆಯ ಹೊಟ್ಟೆ ಇಲ್ಲಿದೆ, ಇಲ್ಲಿ ನಿಧಾನ ಮಾಡು.

ಆಗ ಐರ್ಲೆಂಡನ್ನು ಆಳುತ್ತಿದ್ದ ಬ್ರಿಟನ್ನಿನ ಪ್ರಧಾನಿ ಪೀಲ್ ಅಮೆರಿಕದಿಂದ 1,00,000 ಪೌಂಡ್ ಬೆಲೆಯ ಮೆಕ್ಕೆಜೋಳ ತರಿಸಿದ್ದನ್ನು ಒಂದು ಸಾಲಲ್ಲಿ ಮುಗಿಸಿದ್ದೀಯ. ಆ ಕಾಳು ಕಲ್ಲಿನಂತೆ ಗಟ್ಟಿ, ಎರಡು ಸಲ ಬೀಸಬೇಕು. ಸರಿಯಾಗಿ ಬೀಸದೆ, ಅರೆಬೆಂದದ್ದನ್ನು ಉಂಡವರಿಗೆ ಹೊಟ್ಟೆ ಕೆಟ್ಟಿತು. ಗಡ್ಡೆಯಲ್ಲಿದ್ದ ಸಿ ಜೀವಸತ್ವ ಅದರಲ್ಲಿಲ್ಲ, ಹಾಗಾಗಿ ಒಸಡು ಕೊಳೆಯುವ ಸ್ಕರ್ವಿ ಬಂತು. 'ಹಸಿವಿನಿಂದ ಸತ್ತರು' ಎಂದಷ್ಟೇ ಬರೆದರೆ ಅರ್ಧ ಸತ್ಯ. ಹೆಚ್ಚು ಜನರನ್ನು ಒಯ್ದದ್ದು ಹೇನಿನಿಂದ ಹರಡುವ ಜ್ವರ ಮತ್ತು ರಕ್ತಭೇದಿ.

1847ರ ಜುಲೈನಲ್ಲಿ ಗಂಜಿಕೇಂದ್ರಗಳು ದಿನಕ್ಕೆ ಸುಮಾರು 30 ಲಕ್ಷ ಜನರಿಗೆ ಉಣಿಸಿದವು. ಶರತ್ಕಾಲಕ್ಕೆ ಮುಚ್ಚಿದರು. ಆಮೇಲಿನ ನೆರವಿಗೆ ಇದ್ದ ಷರತ್ತು: ಕಾಲು ಎಕರೆಗಿಂತ, ನಮ್ಮ ಲೆಕ್ಕದಲ್ಲಿ 10 ಗುಂಟೆಗಿಂತ, ಹೆಚ್ಚು ಭೂಮಿ ಇಟ್ಟುಕೊಂಡವನಿಗೆ ಸರ್ಕಾರಿ ನೆರವಿಲ್ಲ. ಗೇಣಿದಾರ ಗಂಜಿಗಾಗಿ ನೆಲ ಬಿಡಬೇಕಾಯಿತು. ಈ ಕ್ರೌರ್ಯಕ್ಕೆ ವಿಶೇಷಣ ಬೇಡ, 10 ಗುಂಟೆ ಸಾಕು.

ಜನಗಣತಿಯ ಅಂಕಿಯಲ್ಲಿ ಎಡವಿದ್ದೀಯ. 1841ರಲ್ಲಿ ಸುಮಾರು 82 ಲಕ್ಷ, 1851ರಲ್ಲಿ 65 ಲಕ್ಷದ ಆಸುಪಾಸು. ಕಳೆದರೆ ಬರುವುದು ಸತ್ತವರ ಲೆಕ್ಕವಲ್ಲ, ವಲಸೆ ಹೋದವರೂ ಅದರಲ್ಲಿದ್ದಾರೆ. ಸತ್ತವರು ಸುಮಾರು 10 ಲಕ್ಷ.

ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ 1848ರ ಬ್ಯಾಲಿಂಗ್ಯಾರಿ ದಂಗೆಗೆ ಒಂದು ಪ್ಯಾರಾ ಸಾಕು. ನೆರವಿನ ಕೈ ಬಿಗಿಹಿಡಿದ ಖಜಾನೆ ಅಧಿಕಾರಿ ಟ್ರೆವೆಲಿಯನ್ 1859ರಲ್ಲಿ ಮದರಾಸಿನ ಗವರ್ನರ್ ಆಗಿ ಬಂದ. ಬಳ್ಳಾರಿ, ಮಂಗಳೂರು ಆಗ ಅವನ ಆಡಳಿತದಲ್ಲಿದ್ದವು. ಅದನ್ನು ಕೊನೆಯ ಅಧ್ಯಾಯದಲ್ಲಿ ಸೇರಿಸಿ ಕಳಿಸು.

ನಿನ್ನ ಅಕ್ಕ