ಪತಂಗದ ಹೆಸರು ಅಚ್ಚಾಗುವ ಮೊದಲು

ಮಾನ್ಯ ಸಂಪಾದಕರೇ,

ಗೋಡೆಯ ಮೇಲೆ ಕುಳಿತ ಪತಂಗವೊಂದರ ಚಿತ್ರ ‘ಅಪರೂಪದ ಚಿಟ್ಟೆ ಪತ್ತೆ’ ಎಂಬ ತಲೆಬರಹದಡಿ ಪತ್ರಿಕೆಗಳಲ್ಲಿ ಆಗಾಗ ಪ್ರಕಟವಾಗುತ್ತದೆ. ಚಿತ್ರ ತೆಗೆದವರ ಕುತೂಹಲ ಮೆಚ್ಚತಕ್ಕದ್ದೇ. ಆದರೆ ಚಿಟ್ಟೆಗಳು ಸುಮಾರು 18,000 ಪ್ರಭೇದಗಳಿದ್ದರೆ ಇದುವರೆಗೆ ವಿವರಿಸಲಾದ ಪತಂಗಗಳು ಒಂದು ಲಕ್ಷಕ್ಕೂ ಹೆಚ್ಚು. ನಮಗೆ ಹೊಸದಾಗಿ ಕಂಡದ್ದೆಲ್ಲ ಅಪರೂಪದ್ದಲ್ಲ, ಒಂದೇ ಚಿತ್ರ ನೋಡಿ ಕೊಟ್ಟ ಹೆಸರು ಸರಿಯಾಗಿರುತ್ತದೆ ಎಂಬ ಭರವಸೆಯೂ ಇಲ್ಲ.

ಈ ಎಚ್ಚರ ನನಗೂ ತಡವಾಗಿಯೇ ಬಂತು. ಒಂದು ರಾತ್ರಿ ದೀಪದ ಬಳಿ ಒಣಗಿದ ಎಲೆಯಂತಿದ್ದ ಕಂದು ಪತಂಗವೊಂದು ಬಂದು ರೆಕ್ಕೆ ಮುಚ್ಚಿ ಕುಳಿತಿತ್ತು. ಮೊಬೈಲಿನ ಆ್ಯಪ್ ಅದನ್ನು ಯುಡೋಸಿಮಾ ಫಲೋನಿಯಾ ಎಂದಿತು, ನಾನೂ ಹಾಗೆಯೇ ಬರೆದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅದು ಜಾಗ ಬದಲಿಸಲು ರೆಕ್ಕೆ ಬಿಚ್ಚಿದಾಗ, ಅದುವರೆಗೆ ಮರೆಯಲ್ಲಿದ್ದ ಕಿತ್ತಳೆ ಬಣ್ಣದ ಹಿಂದಿನ ರೆಕ್ಕೆಯ ನಡುವೆ ಕುಂಕುಮದ ಬೊಟ್ಟಿನಷ್ಟು ದುಂಡನೆಯ ಕಪ್ಪು ಚುಕ್ಕೆ ಕಂಡಿತು. ಫಲೋನಿಯಾದಲ್ಲಿ ಆ ಜಾಗದಲ್ಲಿ ಅಲ್ಪವಿರಾಮದಂತೆ ಬಾಗಿದ ಕಪ್ಪು ಪಟ್ಟೆ ಇರುತ್ತದೆ. ದುಂಡು ಚುಕ್ಕೆ ಯುಡೋಸಿಮಾ ಮಟೆರ್ನಾದ ಗುರುತು. ಎರಡರ ಕಂಬಳಿಹುಳುಗಳೂ ಅಮೃತಬಳ್ಳಿಯ ಕುಟುಂಬಕ್ಕೆ ಸೇರಿದ ಬಳ್ಳಿಗಳನ್ನು ಮೇಯುತ್ತವೆ, ಪ್ರೌಢ ಪತಂಗಗಳು ಗಟ್ಟಿ ತುದಿಯ ಹೀರುಕೊಳವೆಯಿಂದ ಹಣ್ಣಿನ ಸಿಪ್ಪೆಯನ್ನು ಚುಚ್ಚಿ ರಸ ಹೀರುತ್ತವೆ. ಹೀಗೆ ಬದುಕಿನ ರೀತಿಯಲ್ಲಿಯೂ ಇಷ್ಟು ಹತ್ತಿರವಿರುವ ಎರಡು ಪ್ರಭೇದಗಳನ್ನು ಮುಚ್ಚಿದ ರೆಕ್ಕೆಯ ಚಿತ್ರವೊಂದರಿಂದಲೇ ಬೇರ್ಪಡಿಸುವುದು ಅವಸರದ ಕೆಲಸ.

ವರ್ಗೀಕರಣವೂ ನಿಂತ ನೀರಲ್ಲ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಚಿಟ್ಟೆ-ಪತಂಗಗಳನ್ನೆಲ್ಲ ಪಾಪಿಲಿಯೋ, ಸ್ಫಿಂಕ್ಸ್, ಫಲೀನಾ ಎಂಬ ಮೂರೇ ಕುಲಗಳಲ್ಲಿ, ಅಂದರೆ ಹತ್ತಿರದ ಪ್ರಭೇದಗಳ ಗುಂಪುಗಳಲ್ಲಿ, ಹೊಂದಿಸಿದ್ದನು. ನಾನು ಕಂಡ ಪತಂಗ ಹಳೆಯ ಪುಸ್ತಕಗಳಲ್ಲಿ ನಾಕ್ಟುಯಿಡೇ ಕುಟುಂಬದಲ್ಲಿದೆ, ಈಗ ಎರೆಬಿಡೇ ಕುಟುಂಬದಲ್ಲಿದೆ. ಆದ್ದರಿಂದ ಎರಡು ಪುಸ್ತಕಗಳು ಬೇರೆ ಬೇರೆ ಕುಟುಂಬ ಹೇಳಿದರೆ ಒಂದು ತಪ್ಪೆಂದು ಭಾವಿಸಬೇಕಾಗಿಲ್ಲ, ಅವು ಅಚ್ಚಾದ ವರ್ಷವನ್ನು ಮೊದಲು ನೋಡಬೇಕು. ಇನ್ನು ಕೆಲವು ಪತಂಗಗಳ ವಿಷಯದಲ್ಲಿ ರೆಕ್ಕೆಯ ಗುರುತು ಏನನ್ನೂ ಹೇಳುವುದಿಲ್ಲ. ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿಯೋ ಡಿಎನ್‌ಎಯ ತುಣುಕನ್ನು ಹೋಲಿಸಿಯೋ ತಜ್ಞರು ತೀರ್ಮಾನಿಸುತ್ತಾರೆ. ಅಂಥವುಗಳಿಗೆ ಕುಲದ ಹೆಸರು ಬರೆದು ನಿಲ್ಲಿಸುವುದೇ ಪ್ರಾಮಾಣಿಕವಾದ ಉತ್ತರ.

ಓದುಗರು ಕಳುಹಿಸುವ ಪತಂಗದ ಚಿತ್ರದ ಜೊತೆ ಕಂಡ ದಿನಾಂಕ, ಸ್ಥಳ, ಅಳತೆ ತಿಳಿಸಬೇಕೆಂದು, ಸಾಧ್ಯವಾದರೆ ಹಿಂದಿನ ರೆಕ್ಕೆ ಮತ್ತು ಕುಡಿಮೀಸೆ ಕಾಣುವ ಇನ್ನೊಂದು ಚಿತ್ರವನ್ನೂ ಕೊಡಬೇಕೆಂದು ತಾವು ಸೂಚಿಸಬೇಕಾಗಿ ಕೋರುತ್ತೇನೆ. ರೆಕ್ಕೆ ಬಿಚ್ಚಿಸಲು ಅದನ್ನು ಹಿಡಿಯುವುದು ಬೇಡ, ಬೆರಳಿಗೆ ಹತ್ತುವ ಹುಡಿಯೇ ಗುರುತು ಮೂಡಿಸುವ ಹುರುಪೆಗಳು. ಹೆಸರು ಖಚಿತವಾಗದಿದ್ದರೆ ‘ಪ್ರಭೇದ ತಿಳಿದಿಲ್ಲ’ ಎಂದೇ ಅಚ್ಚಾಗಲಿ, ತಿಳಿದವರು ಬರೆದು ತಿಳಿಸಿದಾಗ ಆ ತಿದ್ದುಪಡಿಗೂ ಅದೇ ಪುಟದಲ್ಲಿ ಜಾಗ ಸಿಗಲಿ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ