ಅಮ್ಮನ ಹತ್ತಿರ ಕನ್ನಡದಲ್ಲಿ ಮಾತಾಡಿದವರಿಗೆ

ಕಳೆದ ತಿಂಗಳು ಅಮ್ಮ ತೀರಿಕೊಂಡರು. 78 ವರ್ಷ ಆಗಿತ್ತು. ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದು ನೆಂಟರೆಲ್ಲ ಹೊರಟ ಮೇಲೆ, ಯಾರ್ಯಾರಿಗೆ ಹೇಳದೆ ಉಳಿದದ್ದು ಎಷ್ಟುಂಟು ಅಂತ ಲೆಕ್ಕ ಹಾಕುತ್ತಾ ಕೂತೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಮ್ಮ ನಲವತ್ತು ವರ್ಷ ಬೀಡಿ ಕಟ್ಟಿದವರು. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಕುಂಬಳೆ ಕಡೆ ಎಷ್ಟೋ ಮನೆಗಳ ಅಕ್ಕಿ, ಸ್ಕೂಲ್ ಫೀಸು, ಮದುವೆ ಎಲ್ಲ ನಡೆದದ್ದು ಬೀಡಿ ಕಟ್ಟುವ ಆ ತಡ್ಪೆಯಿಂದಲೇ (ಮೊರದಿಂದಲೇ). 2019ರಲ್ಲಿ ಒಂದು ದಿನ ಬ್ರಾಂಚಿನಿಂದ, ಅಂದರೆ ಕಟ್ಟಿದ ಬೀಡಿ ಕೊಡುವ ಜಾಗದಿಂದ, ಬೀಡಿ ವಾಪಸ್ ಬಂತು. ಕಟ್ಟು ಸರಿಯಾಗಿಯೇ ಇತ್ತು, 25ರ ಲೆಕ್ಕವೂ ಸರಿ. ಬಿಚ್ಚಿ ನೋಡಿದರೆ ಒಳಗೆ ಹೊಗೆಸೊಪ್ಪೇ ಇಲ್ಲ. ಅಷ್ಟೂ ಬೀಡಿ ಖಾಲಿ ಎಲೆ. ನಾವು 'ವಯಸ್ಸಾಯ್ತು, ಅರಳುಮರಳು' ಅಂದುಕೊಂಡೆವು. ಅದು ಅರಳುಮರಳಲ್ಲ, ಮರೆವಿನ ಕಾಯಿಲೆ ಅಂತ ಗೊತ್ತಾಗಲು ಇನ್ನೂ ಏಳು ತಿಂಗಳು ಬೇಕಾಯಿತು.

ಒಂದು ಆಸ್ಪತ್ರೆಯಲ್ಲಿ ನೆನಪಿನ ಪರೀಕ್ಷೆ ಮಾಡಿದರು. ಪ್ರಶ್ನೆಗಳೆಲ್ಲ ಮಲಯಾಳದಲ್ಲಿ. ಅಮ್ಮನಿಗೆ ಸಂತೆಗೆ ಬೇಕಾದಷ್ಟು ಮಲಯಾಳ ಬರುತ್ತಿತ್ತು, ಆದರೆ ಕಾಯಿಲೆ ಮೊದಲು ತಿಂದದ್ದು ಅದನ್ನೇ. ಎಲ್ಲದಕ್ಕೂ ಸುಮ್ಮನೆ ನಕ್ಕರು. ಕಾಗದದಲ್ಲಿ ಸೊನ್ನೆ ಬಿತ್ತು. ಆಗ ಪಕ್ಕದಲ್ಲಿ ರಕ್ತದೊತ್ತಡ ನೋಡುತ್ತಿದ್ದ ಹುಡುಗಿ, ಅವಳ ಹೆಸರೂ ನಾನು ಕೇಳಲಿಲ್ಲ, ಬಗ್ಗಿ ಕನ್ನಡದಲ್ಲಿ ಕೇಳಿದಳು: 'ಅಮ್ಮಾ, ಇವತ್ತು ಯಾವ ವಾರ?'

'ಶನಿವಾರ. ಬೀಡಿ ದುಡ್ಡು ಕೊಡೋ ದಿನ ಅಲ್ವಾ.'

ಶನಿವಾರವೇ ಆಗಿತ್ತು. ಪರೀಕ್ಷೆ ಮತ್ತೊಮ್ಮೆ ಮಾಡಿದರು. ಕಾಯಿಲೆ ಇದ್ದದ್ದು ನಿಜ, ಆದರೆ ಮೊದಲು ಅಂದುಕೊಂಡಷ್ಟು ಮುಂದೆ ಹೋಗಿರಲಿಲ್ಲ. ಹುಡುಗೀ, ನೀನು ಇದನ್ನು ಓದಿದರೆ, ನಿನಗೆ ನಮ್ಮ ಇಡೀ ಮನೆಯ ನಮಸ್ಕಾರ. ಕಾಸರಗೋಡಿನ ಕನ್ನಡಿಗರು ಸರ್ಕಾರದ ಜೊತೆ ಕನ್ನಡದಲ್ಲೇ ವ್ಯವಹರಿಸಬಹುದು ಅಂತ ಕಾನೂನಿದೆ. ಅಮ್ಮನ ಪಾಲಿಗೆ ಆ ಕಾನೂನು ಅವತ್ತು ನಿನ್ನ ಬಾಯಲ್ಲಿತ್ತು.

ನರರೋಗದ ಡಾಕ್ಟರನ್ನು ನೋಡಲು ಮಂಗಳೂರಿಗೆ ಹೋಗುತ್ತಿದ್ದೆವು. ನಮ್ಮ ಕಡೆಯವರು ದೊಡ್ಡ ಕಾಯಿಲೆಗೆಲ್ಲ ಹೋಗುವುದು ಅಲ್ಲಿಗೇ. 2020ರ ಮಾರ್ಚಿನಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿತು, ಮಾತ್ರೆ ಮುಗಿಯಿತು. ನಮ್ಮದೇ ಜಿಲ್ಲೆಯ ಉಕ್ಕಿನಡ್ಕ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದ್ದರು. ಅಲ್ಲಿಗೆ ರೋಗಿಗಳು ಬಂದದ್ದು 2020ರ ಏಪ್ರಿಲ್‌ನಲ್ಲಿ, ಅದೂ ಕೋವಿಡ್ ಬಂದವರು. ಬೇರೆ ಕಾಯಿಲೆಯವರು ಎಲ್ಲಿಗೆ ಹೋಗಬೇಕಿತ್ತು? ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಆ ದಿನಗಳಲ್ಲಿ ಮಾತ್ರೆ ತಂದುಕೊಟ್ಟವರು ಅಗ್ನಿಶಾಮಕ ದಳದವರು. ಮಾಸ್ಕ್ ಹಾಕಿದ್ದರಿಂದ ನಿಮ್ಮ ಮುಖ ನೋಡಲಿಲ್ಲ. ನಿಮ್ಮ ಕೆಂಪು ಗಾಡಿ ಅಂಗಳದಲ್ಲಿ ನಿಂತದ್ದು ಮಾತ್ರ ಮರೆಯುವುದಿಲ್ಲ.

ಆಟೋ ಸ್ಟ್ಯಾಂಡಿನ ಅಣ್ಣಂದಿರಿಗೂ ಒಂದು ಮಾತು. 'ಬ್ರಾಂಚಿಗೆ ಹೊತ್ತಾಯ್ತು' ಅಂತ ಖಾಲಿ ಚೀಲ ಹಿಡಿದು ಹೊರಟ ಅಮ್ಮನನ್ನು ನೀವು ಎಷ್ಟು ಸಲ ಮನೆಗೆ ತಂದು ಬಿಟ್ಟಿರೋ. ಒಂದು ಸಲವೂ ಬಾಡಿಗೆ ತೆಗೆದುಕೊಳ್ಳಲಿಲ್ಲ.

ಇನ್ನು ನಮ್ಮ ಪ್ಯಾಲಿಯೇಟಿವ್ ಸಿಸ್ಟರ್. ಕೇರಳ 2008ರಲ್ಲೇ ಪ್ಯಾಲಿಯೇಟಿವ್ ಆರೈಕೆಗೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು, ಕಷ್ಟ ಕಡಿಮೆ ಮಾಡುವ ಆರೈಕೆಗೆ ಅಂತ ಒಂದು ನೀತಿ ಮಾಡಿತು, ಹಾಗಾಗಿ ಪಂಚಾಯತಿನ ನರ್ಸ್ ಮನೆಗೇ ಬರುತ್ತಾರೆ. ನಮ್ಮ ಪಂಚಾಯತಿಗೆ ಅವರೊಬ್ಬರೇ. ಮಲಗಿದಲ್ಲೇ ಇರುವವರ ಮನೆ ಎಷ್ಟೋ. ನಮ್ಮ ಸರದಿ ತಿಂಗಳಿಗೊಮ್ಮೆ. ಅವರು ಕೇರಳದ ತೆಂಕಣ ಜಿಲ್ಲೆಯವರು, ಕನ್ನಡ ಬರುತ್ತಿರಲಿಲ್ಲ. ಎರಡನೇ ಸಲ ಬಂದಾಗ ಅವರ ಡೈರಿ ನೋಡಿದೆ. ಮಲಯಾಳ ಅಕ್ಷರದಲ್ಲಿ ಬರೆದುಕೊಂಡಿದ್ದರು: 'ನೋವು ಉಂಟಾ? ಹಸಿವಾ? ಮೂತ್ರ ಉರಿಯುತ್ತಾ?'

ಆ ಮೂರನೇ ಪ್ರಶ್ನೆ ನಮ್ಮನ್ನು ಕಾಪಾಡಿತು. ಒಂದು ಜುಲೈಯಲ್ಲಿ ಎರಡೇ ದಿನದಲ್ಲಿ ಅಮ್ಮ ಪೂರ್ತಿ ಬದಲಾದರು. ರಾತ್ರಿಯಿಡೀ ಕೂಗು, ಗೋಡೆಯಿಂದ ನೂಲು ಎಳೆದಂತೆ ಮಾಡುವುದು, ಅತ್ತಿಗೆಯನ್ನು ಕಂಡರೆ ಹೆದರಿಕೆ. ಕೊನೆಯ ಹಂತ ಬಂತು ಅಂತ ಎಲ್ಲರೂ ಅಂದರು. ಫೋನ್ ಮಾಡಿದ್ದಕ್ಕೆ ಸಿಸ್ಟರ್ ಸರದಿ ಬಿಟ್ಟು ಬಂದರು. ಡೈರಿ ಬಿಚ್ಚಿ ಕೇಳಿದರು. ಅಮ್ಮ 'ಉರಿ, ಉರಿ' ಅಂದರು. ಮೂತ್ರದ ಸೋಂಕು. ಔಷಧಿ ಶುರುವಾಗಿ ವಾರದಲ್ಲಿ ಅಮ್ಮ ಮತ್ತೆ ಅತ್ತಿಗೆಯ ಕೈ ಹಿಡಿದು ಕೂತರು. ಮರೆವಿನ ಕಾಯಿಲೆ ಹೀಗೆ ಎರಡು ದಿನದಲ್ಲಿ ಏರುವುದಿಲ್ಲ, ದಿಢೀರ್ ಅಂತ ಜಾಸ್ತಿಯಾದರೆ ಸೋಂಕೋ, ಮಲಬದ್ಧತೆಯೋ, ಹೊಸ ಮಾತ್ರೆಯೋ ಅಂತ ಮೊದಲು ನೋಡಬೇಕು ಅಂತ ಸಿಸ್ಟರ್ ಹೇಳಿದರು. ಇಂಥ ರೋಗಿ ಮನೆಯಲ್ಲಿರುವವರು ಇದನ್ನು ದಯವಿಟ್ಟು ನೆನಪಿಡಿ.

ಆಶಾ ಅಕ್ಕ, ಅಂದರೆ ಮನೆಮನೆಗೆ ಬರುವ ಆಶಾ ಆರೋಗ್ಯ ಕಾರ್ಯಕರ್ತೆ, ಮಾಡಿದ್ದು ಇನ್ನೊಂದು. ಸಂಜೆಯಾದರೆ ಅಮ್ಮನಿಗೆ ತಳಮಳ, 'ಮನೆಗೆ ಹೋಗುವ' ಅಂತ ಒಂದೇ ಹಟ. ಅಕ್ಕ ಒಂದು ದಿನ ಹಲಸಿನ ಎಲೆಯನ್ನು ಬೀಡಿ ಎಲೆಯ ಅಳತೆಗೆ ಕತ್ತರಿಸಿ, ನೂಲಿನ ಜೊತೆ ತಡ್ಪೆಯಲ್ಲಿಟ್ಟರು. ಅಮ್ಮನ ಕೈ ತಾನೇ ಶುರುಮಾಡಿತು. ಎಲೆ ಸುತ್ತಿ, ಹೆಬ್ಬೆರಳಿನಿಂದ ತುದಿ ಮಡಚಿ, ಎರಡು ಸುತ್ತು ನೂಲು. ನನ್ನ ಹೆಸರು ಮರೆತಿದ್ದ ಅಮ್ಮನಿಗೆ ಆ ಮಡಿಕೆ ಮರೆತಿರಲಿಲ್ಲ. ಎರಡು ವರ್ಷ ನಮ್ಮ ಮನೆಯ ಸಂಜೆಗಳು ಹಾಗೆ ಕಳೆದವು. ಆಶಾ ಕಾರ್ಯಕರ್ತೆಯರಿಗೆ ಸಿಗುವುದು ಸಂಬಳ ಅಲ್ಲ, ಗೌರವಧನ. 2025ರ ಫೆಬ್ರವರಿಯಲ್ಲಿ ಅವರು ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ಮುಷ್ಕರಕ್ಕೆ ಕೂತಾಗ ಕೆಲವರು 'ಏನು ಕೆಲಸ ಮಾಡ್ತಾರೆ ಇವರು' ಅಂತ ಕೇಳಿದ್ದು ನನ್ನ ಕಿವಿಗೆ ಬಿತ್ತು. ನಮ್ಮ ಮನೆಗೆ ಬಂದಿದ್ದರೆ ಆ ತಡ್ಪೆ ತೋರಿಸುತ್ತಿದ್ದೆ.

ಅತ್ತಿಗೆಗೆ ಥ್ಯಾಂಕ್ಸ್ ಅಂದರೆ ಬೈಯುತ್ತಾರೆ. ಆದರೂ ಹೇಳಲೇಬೇಕು. ನಾನು ಬೆಳಗ್ಗಿನ ರೈಲಿಗೆ ಮಂಗಳೂರಿಗೆ ಹೋಗಿ ರಾತ್ರಿ ಬರುವವನು. ಮೀಯಿಸಿದ್ದು, ಬಟ್ಟೆ ಬದಲಿಸಿದ್ದು, ನೀರು ಕುಡಿದರೆ ಕೆಮ್ಮುತ್ತಾರೆ ಅಂತ ನೆಟ್ಟಗೆ ಕೂರಿಸಿ ದಪ್ಪ ಗಂಜಿಯನ್ನು ಚಮಚ ಚಮಚವಾಗಿ ಮುಕ್ಕಾಲು ಗಂಟೆ ತಿನ್ನಿಸಿದ್ದು, ಎಲ್ಲ ಅವರು. ಆರು ವರ್ಷದಲ್ಲಿ ತವರಿನಲ್ಲಿ ಒಂದು ರಾತ್ರಿ ಉಳಿಯಲಿಲ್ಲ. ಮನೆಯಲ್ಲಿ ನೋಡಿಕೊಳ್ಳುವವರಿಗೆ ನಾಲ್ಕು ದಿನ ಬಿಡುವು ಕೊಡುವ ಒಂದು ಜಾಗ ನಮ್ಮ ಹತ್ತಿರ ಇದ್ದಿದ್ದರೆ ಅಂತ ಎಷ್ಟು ಸಲ ಅನಿಸಿತು.

ಪಂಚಾಯತಿನಿಂದ ಕೊಟ್ಟಿದ್ದ ನೀರಿನ ಹಾಸಿಗೆಯನ್ನು ಅತ್ತಿಗೆ ತೊಳೆದು ಒಣಗಿಸಿ ವಾಪಸ್ ಮಾಡಿದರು. ಅದು ಈಗ ಶಾಲೆಯ ಹಿಂದಿನ ಒಂದು ಮನೆಯಲ್ಲಿದೆ. ಅಲ್ಲಿಯ ಅಜ್ಜನಿಗೂ ಇದೇ ಕಾಯಿಲೆ. ಮೊನ್ನೆ ಅತ್ತಿಗೆ ಹೋಗಿ, ಎಷ್ಟು ನೀರು ತುಂಬಬೇಕು, ಬೆಡ್‌ಶೀಟ್ ನೆರಿಗೆ ಬೀಳದ ಹಾಗೆ ಹೇಗೆ ಹಾಸಬೇಕು ಅಂತ ಆ ಮನೆಯ ಸೊಸೆಗೆ ತೋರಿಸಿ ಬಂದರು.